ಉಸಿರಿಗೆ ಕಾಯುವ ಪೆಟ್ಟಿಗೆ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೆ, ಅವರು ಭಜನೆಗೆ ಹೊರಟವರೋ ನಾಟಕ ಕಲಿಸಲು ಹೊರಟವರೋ ಎಂದು ಊಹಿಸುವುದು ನನಗೆ ಹಳೆಯ ಚಟ. ತೊಡೆಯ ಮೇಲೆ ಹಿಡಿಸುವಷ್ಟು ಸಣ್ಣ ಪೆಟ್ಟಿಗೆಯಾದರೆ ಭಜನೆ. ಇಬ್ಬರು ಹಿಡಿದು ಹತ್ತಿಸಿ, ಡ್ರೈವರ್ ಪಕ್ಕದ ಜಾಗಕ್ಕೆ ಕಂಡಕ್ಟರನ್ನು ಒಪ್ಪಿಸಿ ಇಟ್ಟರೆ ಅದು ಕಾಲಿನಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ. ಜೊತೆಗಿರುವವರು ಡ್ರಾಮಾ ಮೇಷ್ಟ್ರು. ಈಚೆಗೆ ಈ ಊಹೆ ಕೆಲಸಕ್ಕೆ ಬರುತ್ತಿಲ್ಲ. ಎರಡರ ಜಾಗಕ್ಕೂ ಬೆನ್ನಿಗೆ ನೇತುಹಾಕುವ ಉದ್ದನೆಯ ಕಪ್ಪು ಚೀಲವೊಂದು ಬಂದಿದೆ. ಅದರೊಳಗೆ ಇರುವುದನ್ನು ಯಾವ ಕಂಪನಿ ಮಾಡಿದ್ದರೂ ನಮ್ಮ ಕಡೆ ಅದು ‘ಕ್ಯಾಸಿಯೋ’.

ಭಜನೆಗೂ ಹೋಗುವ, ಊರಿನ ನಾಟಕದಲ್ಲಿ ಮೇಷ್ಟ್ರ ಪಕ್ಕ ಕೂತು ಕಲಿಯುತ್ತಿರುವ ಹುಡುಗನೊಬ್ಬ ನನ್ನನ್ನು ಕೇಳಿದ: ‘ಸಾರ್, ಬೈಕಿನಲ್ಲಿ ತಗೊಂಡು ಹೋಗೋ ಹಾಗಿರಬೇಕು, ಏನು ತಗೊಳ್ಳಲಿ?’ ನಾನು ತೂಕ, ಬೆಲೆ, ಬ್ಯಾಟರಿ ಎಂದು ಏನೇನೋ ಹೇಳಿ ಕಳಿಸಿದೆ. ಆಮೇಲೆ ಯೋಚಿಸಿದಾಗ, ಅವನು ಕೇಳಿದ್ದು ಅಂಗಡಿಯವನಿಗೆ ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ ಅನ್ನಿಸಿತು. ಯಾವ ವಾದ್ಯ ಊರಿಂದೂರಿಗೆ ಹೋಗುತ್ತದೆ ಎನ್ನುವುದರ ಮೇಲೆ ಯಾವ ಕಾವ್ಯ ಊರಿಂದೂರಿಗೆ ಹೋಗುತ್ತದೆ ಎನ್ನುವುದೂ ನಿಂತಿದೆ. ಸಾಹಿತ್ಯ ಓದುವ ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹಾರ್ಮೋನಿಯಂ ಫ್ರಾನ್ಸಿನಿಂದ ಬಂದದ್ದು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೈನ್ 1840ರ ಆಸುಪಾಸಿನಲ್ಲಿ ಆ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಅದು ಮೇಜಿನಂಥ ವಾದ್ಯ. ಕುರ್ಚಿಯ ಮೇಲೆ ಕೂತು, ಕಾಲಿನಲ್ಲಿ ತಿದಿ ತುಳಿದು, ಎರಡೂ ಕೈಯಲ್ಲಿ ನುಡಿಸಬೇಕು. ಅದನ್ನು ನೆಲದ ಮೇಲೆ ಕೂತು ಎಡಗೈಯಲ್ಲಿ ತಿದಿ ಒತ್ತಿ ಬಲಗೈಯಲ್ಲಿ ನುಡಿಸುವ ಪೆಟ್ಟಿಗೆಯಾಗಿ ಬದಲಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಕಲ್ಕತ್ತದ ದ್ವಾರಕಾನಾಥ ಘೋಷರಿಗೆ ಕೊಡುತ್ತಾರೆ, ಕಾಲ 1875ರ ಸುಮಾರು. ಎರಡು ಕೈಯ ಕೆಲಸವನ್ನು ಒಂದು ಕೈಗೆ ಇಳಿಸಿದ್ದು ನಮಗೆ ನಷ್ಟವಾಗಲಿಲ್ಲ. ನಮ್ಮ ಸಂಗೀತದಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ ನಡೆಯುತ್ತದೆ, ಕೆಳಗೆ ಶ್ರುತಿ ನಿಂತಿದ್ದರೆ ಸಾಕು. ಕಾಲುಗಳು ಹೋದದ್ದರಿಂದ ವಾದ್ಯಕ್ಕೆ ಪ್ರಯಾಣ ಸಾಧ್ಯವಾಯಿತು.

ಈ ವಾದ್ಯದ ಮೇಲಿನ ಟೀಕೆಗಳೆಲ್ಲ ಮಾತ್ರ ಕೂತಲ್ಲಿ ಕೂತವರಿಂದ ಬಂದವು. ಸ್ವರಗಳ ನಡುವಿನ ಜಾರು, ಗಮಕ ಇದರಲ್ಲಿ ಬರುವುದಿಲ್ಲ. ಪಾಶ್ಚಾತ್ಯ ಶ್ರುತಿಯಲ್ಲಿ ಕೂಡಿಸಿದ ಮನೆಗಳು ನಮ್ಮ ರಾಗಗಳನ್ನು ಒರಟು ಮಾಡುತ್ತವೆ. ರವೀಂದ್ರನಾಥ ಠಾಕೂರರಿಗೂ ಇದು ಸೇರುತ್ತಿರಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. 1971ರವರೆಗೆ ಬಾಗಿಲು ಮುಚ್ಚಿಯೇ ಇತ್ತು, ಆಮೇಲೂ ಪೂರ್ತಿ ತೆರೆಯಲಿಲ್ಲ. ಟೀಕೆ ಸುಳ್ಳಲ್ಲ. ತೋಡಿಯ ಗಾಂಧಾರವನ್ನು ಪೆಟ್ಟಿಗೆಯಲ್ಲಿ ಹುಡುಕಿದವರಿಗೆಲ್ಲ ಅದು ಗೊತ್ತು. ಆದರೆ ಆಕಾಶವಾಣಿ ಇದನ್ನು ಹೊರಗಿಟ್ಟ ಆ ಮೂವತ್ತೊಂದು ವರ್ಷಗಳಲ್ಲೂ ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಇಲ್ಲದೆ ಒಂದು ನಾಟಕವೂ ಏಳುತ್ತಿರಲಿಲ್ಲ. ಅಲ್ಲಿ ಇದರಿಂದ ಯಾರೂ ತೋಡಿಯ ಗಾಂಧಾರ ಕೇಳಿರಲಿಲ್ಲ. ಕೇಳಿದ್ದು ಬೇರೆ ಕೆಲಸ.

ಆ ಕೆಲಸ ಯಾವುದು ಎಂದು ತಿಳಿಯಲು ಒಂದು ರಾತ್ರಿ ಪೂರ್ತಿ ಕೂರಬೇಕು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿ ಆಡಿತು. ನಮ್ಮ ಹಳ್ಳಿಗಳ ಕುರುಕ್ಷೇತ್ರಕ್ಕೆ ಆ ವೈಭವದಿಂದ ಬಂದದ್ದು ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ಮತ್ತು ಹಾರ್ಮೋನಿಯಂ. ಪಾತ್ರ ಮಾಡುವವರು ರೈತರು, ಹಾಲಿನ ಡೇರಿಯ ಕಾರ್ಯದರ್ಶಿಗಳು, ಶಿಡ್ಲಘಟ್ಟದ ಕಡೆಯಾದರೆ ರೇಷ್ಮೆ ಬಿಚ್ಚಾಣಿಕೆಯವರು. ಪಾತ್ರಕ್ಕೆ ದುಡ್ಡು ಪಡೆಯುವುದಿಲ್ಲ, ತಾವೇ ಕೊಡುತ್ತಾರೆ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು. ತಿಂಗಳುಗಟ್ಟಲೆ ಮೇಷ್ಟ್ರು ಬಂದು ಕಲಿಸುತ್ತಾರೆ. ಹಗಲೆಲ್ಲ ದುಡಿದು ಬಂದ ಗಂಟಲು, ಸ್ವರಜ್ಞಾನ ಅಷ್ಟಕ್ಕಷ್ಟೆ. ಇಂಥವರ ಬಾಯಲ್ಲಿ ಶಾರ್ದೂಲವಿಕ್ರೀಡಿತ ಹೇಳಿಸಬೇಕು.

ಈ ಪದ್ಯಗಳಿಗೆ ತಾಳವಿಲ್ಲ. ಹಾಡು ಬಂದಾಗ ತಬಲ ನುಡಿಯುತ್ತದೆ. ಪದ್ಯ ಬಂದ ಕೂಡಲೆ ತಬಲದವರು ಕೈ ಕಟ್ಟಿಕೊಂಡು ಕೂರುತ್ತಾರೆ. ಉಳಿಯುವವರು ಇಬ್ಬರೇ, ಪಾತ್ರಧಾರಿ ಮತ್ತು ಹಾರ್ಮೋನಿಯಂ. ಹತ್ತೊಂಬತ್ತು ಅಕ್ಷರದ ಸಾಲು. ಸಂಸ್ಕೃತದ ಲೆಕ್ಕದಲ್ಲಿ ಹನ್ನೆರಡನೆಯ ಅಕ್ಷರದ ಬಳಿಕ ಯತಿ, ಅಂದರೆ ತಡೆ. ಕನ್ನಡದ ಕವಿಗಳು ಪಂಪನ ಕಾಲದಿಂದಲೂ ಈ ಯತಿಯನ್ನು ಧಾರಾಳವಾಗಿ ಮೀರಿದವರು. ಪದ ಎಲ್ಲಿ ಬೇಕಾದರೂ ಯತಿಯ ಮೇಲೆ ಹಾದುಹೋಗುತ್ತದೆ. ಕಾಗದದ ಮೇಲೆ ಇದು ಸ್ವಾತಂತ್ರ್ಯ. ಹಾಡುವವನಿಗೆ ಮಾತ್ರ ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂದು ಪದ್ಯ ಹೇಳಿಕೊಡುವುದಿಲ್ಲ. ಅರ್ಥ ನೋಡಿಕೊಂಡು, ಅರ್ಥ ಆಗದಿದ್ದರೆ ಎದೆ ನೋಡಿಕೊಂಡು, ಅವನೇ ಎಲ್ಲೋ ಮುರಿಯುತ್ತಾನೆ. ಮುರಿದ ಕಡೆ ಹಾರ್ಮೋನಿಯಂ ತಕ್ಷಣ ಆ ಬಾಕಿಯನ್ನು ತುಂಬಬೇಕು. ಅವನು ಬಿಟ್ಟ ಸ್ವರವನ್ನೇ ಹಿಡಿದು ಒಂದು ಸಣ್ಣ ಸುತ್ತು ಸುತ್ತಿ, ಮುಂದಿನ ಅಕ್ಷರ ಬರುವ ಹೊತ್ತಿಗೆ ಅದೇ ಜಾಗಕ್ಕೆ ತಂದು ನಿಲ್ಲಿಸಬೇಕು. ಆ ಸುತ್ತು ನಾಲ್ಕು ಸೆಕೆಂಡಿನದೋ ಹತ್ತು ಸೆಕೆಂಡಿನದೋ ಎಂಬುದು ಪಾತ್ರಧಾರಿಯ ಎದೆಗೂಡಿಗೆ ಬಿಟ್ಟದ್ದು.

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಸರಿದಂತೆ, ಚಿಂತಾಮಣಿಯಿಂದ ಮದನಪಲ್ಲಿಯ ಕಡೆಗೆ ಸರಿದಂತೆ ಇದಕ್ಕೆ ಇನ್ನೊಂದು ಮಡಿಕೆ ಬೀಳುತ್ತದೆ. ಇಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಆದವರು ಬಹಳ. ತಿರುಪತಿ ವೆಂಕಟ ಕವುಲು ಬರೆದ ಪಾಂಡವೋದ್ಯೋಗದ ಪದ್ಯಗಳನ್ನು ಕೇಳಿ ಬೆಳೆದ ಕಿವಿಗಳು ಇವು. ತೆಲುಗು ಪದ್ಯದಲ್ಲಿ ಯತಿ ಎಂದರೆ ಬರಿಯ ತಡೆ ಅಲ್ಲ. ಸಾಲಿನ ಮೊದಲ ಅಕ್ಷರಕ್ಕೆ ಹೊಂದುವ ಅಕ್ಷರ ಆ ಜಾಗದಲ್ಲಿ ಬರಲೇಬೇಕು. ಹಾಡುವವನು ಅಲ್ಲಿ ನಿಲ್ಲಲಿ ಬಿಡಲಿ, ಅವನ ಕಿವಿಗೆ ಒಂದು ಗೂಟ ಸಿಗುತ್ತದೆ. ಕನ್ನಡದ ವೃತ್ತಕ್ಕೆ ಬಂದಾಗ ಆ ಗೂಟ ಇಲ್ಲ. ಇದ್ದಿದ್ದರೆ ಅದು ಹಾರ್ಮೋನಿಯಂ ಒಂದೇ. ಛಂದಸ್ಸು ಮಾಡದ ಕೆಲಸವನ್ನು ವಾದ್ಯ ಮಾಡುತ್ತದೆ ಎಂದರೆ ಅತಿಶಯೋಕ್ತಿ ಅಲ್ಲ.

ನಮ್ಮ ವಿಮರ್ಶೆ ಈ ಪದ್ಯಗಳನ್ನು ಕಾಗದದ ಮೇಲೆ ಓದಿ, ಹಳಸಿದ ಉಪಮೆ, ಪ್ರಾಸಕ್ಕೆ ಜೋತುಬಿದ್ದ ಪದ ಎಂದು ಬದಿಗಿಟ್ಟಿತು. ಕೈಲಾಸಂ, ಶ್ರೀರಂಗರ ಗದ್ಯನಾಟಕಗಳ ರುಚಿ ಹತ್ತಿದವರಿಗೆ ಇದು ಸಹಜವೇ. ಆಮೇಲೆ ಗುಬ್ಬಿ ಕಂಪನಿಯಲ್ಲೇ ಹುಡುಗನಾಗಿ ಪಳಗಿದ ಬಿ.ವಿ. ಕಾರಂತರು ಹಾರ್ಮೋನಿಯಮ್ಮನ್ನು ಆಧುನಿಕ ರಂಗಭೂಮಿಗೆ ಮರಳಿ ತಂದರು. ಆದರೆ ಅವರ ಹಿಂದೆ ಬಂದವರು ಹೆಚ್ಚಾಗಿ ಎತ್ತಿಕೊಂಡದ್ದು ಹಾಡನ್ನು. ರಂಗಗೀತೆ ಎಂದರೆ ಇವತ್ತು ತಾಳಕ್ಕೆ ಕೂತ, ಗುಂಪಿನಲ್ಲಿ ಹಾಡಬಹುದಾದ ಗೀತೆ. ತಾಳವಿಲ್ಲದ ಪದ್ಯ ಹಳ್ಳಿಯ ಮೇಷ್ಟ್ರ ಕೈಯಲ್ಲೇ ಉಳಿಯಿತು. ನನ್ನ ಮಟ್ಟಿಗೆ ಆ ಪದ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟ ಕಾವ್ಯವೇ. ಆದರೂ ಒಂದು ಪದ್ಯದ ನಾಲ್ಕನೆಯ ಸಾಲಿನ ಕೊನೆಯ ದೀರ್ಘಾಕ್ಷರವನ್ನು ಹಿಡಿದು ಕರ್ಣನ ಪಾತ್ರಧಾರಿ ಏರುತ್ತಾ ಹೋಗುವಾಗ, ಕೆಳಗಿನಿಂದ ತಿದಿಯ ಗಾಳಿ ಅವನನ್ನು ಎತ್ತಿ ಹಿಡಿದದ್ದನ್ನು ಕೇಳಿದ ಮೇಲೆ, ಆ ಅಕ್ಷರ ಅಲ್ಲಿ ಪ್ರಾಸಕ್ಕೆ ಮಾತ್ರ ಇತ್ತು ಎನ್ನಲು ನನಗೆ ಧೈರ್ಯವಿಲ್ಲ. ಬರೆದವನು ಅದನ್ನು ಅಲ್ಲಿ ಇಟ್ಟದ್ದು ಪೆಟ್ಟಿಗೆಯ ಪರಿಚಯ ಇದ್ದುದರಿಂದ.

ಈಗ ಕಪ್ಪು ಚೀಲಕ್ಕೆ ಬರೋಣ. ಅದನ್ನು ಬೈಯುವುದು ಸುಲಭ, ಮತ್ತು ಅನ್ಯಾಯ. ಕ್ಯಾಸಿಯೋ ಸಿಟಿ-ಎಸ್200 ಎಂಬ 61 ಮನೆಗಳ ಕೀಬೋರ್ಡಿನ ತೂಕ ಮೂರು ಕಿಲೋ ಚಿಲ್ಲರೆ. ಆರು ಸಣ್ಣ ಸೆಲ್ಲಿನಲ್ಲಿ ನಡೆಯುತ್ತದೆ. ಸಾಧಾರಣ ಹಾರ್ಮೋನಿಯಂ ಹತ್ತು ಕಿಲೋ ಆಸುಪಾಸು, ಸ್ಕೇಲ್ ಚೇಂಜರ್ ಇದ್ದರೆ 15 ಕಿಲೋ ಮುಟ್ಟುತ್ತದೆ. ಬೈಕಿನ ಹಿಂದೆ ಕೂತವನ ಸೊಂಟಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಶ್ರುತಿಯ ವಿಷಯವಂತೂ ಕೇಳಲೇ ಬೇಡಿ. ಒಬ್ಬ ಬಿಳಿ ಒಂದರಲ್ಲಿ ಹಾಡುತ್ತಾನೆ, ಇನ್ನೊಬ್ಬ ಕಪ್ಪು ಎರಡು, ದ್ರೌಪದಿ ಮಾಡಲು ಬಂದ ಕಲಾವಿದೆ ಬಿಳಿ ಐದು. ಮೇಷ್ಟ್ರು ಒಂದೇ ರಾಗವನ್ನು ಮೂರು ಬೆರಳಿಕೆಯಲ್ಲಿ ನುಡಿಸಬೇಕು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಸದ್ದು ಸಾಲುವುದಿಲ್ಲ ಎಂಬ ದೂರೂ ಈಗಿಲ್ಲ. ಮೈಕ್‌ಸೆಟ್ ಇಲ್ಲದ ವೇದಿಕೆ ಎಲ್ಲಿದೆ?

ಭಜನೆಯ ಮಟ್ಟಿಗೆ ನನಗೆ ತಕರಾರೇ ಇಲ್ಲ. ಕೈವಾರದ ತಾತಯ್ಯನವರ ತತ್ವಪದಗಳು, ‘ಅಮರನಾರೇಯಣ’ ಅಂಕಿತದ ಆ ಕನ್ನಡ ತೆಲುಗು ಪದಗಳು, ತಾಳದ ಮೇಲೆ ನಡೆಯುವಂಥವು. ಒಬ್ಬರು ಹೇಳಿಕೊಟ್ಟು ಹತ್ತು ಜನ ಎತ್ತಿಕೊಳ್ಳುತ್ತಾರೆ. ಒಬ್ಬನ ಉಸಿರು ಮುಗಿದರೆ ಪಕ್ಕದವನದು ಇರುತ್ತದೆ. ವಾದ್ಯ ಶ್ರುತಿ ಹಿಡಿದು ಜೊತೆಗೆ ನಡೆದರೆ ಸಾಕು. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ದಾರಿ ತಪ್ಪುವ ಭಯವೂ ಇಲ್ಲ. 32 ಪುಟ್ಟ ಮನೆಗಳ, ಒಂದು ಕಿಲೋ ತೂಗುವ ಮಕ್ಕಳ ಕ್ಯಾಸಿಯೋ ಇಟ್ಟುಕೊಂಡು ಚೆನ್ನಾಗಿಯೇ ಭಜನೆ ನಡೆಸುವುದು ಸಾಧ್ಯ.

ಪದ್ಯದಲ್ಲಿ ಅದು ಸಿಕ್ಕಿಬೀಳುತ್ತದೆ. ಕಾರಣ ಆಕಾಶವಾಣಿಯವರು ಹೇಳಿದ ಗಮಕದ ಕಾರಣವಲ್ಲ. ಗಮಕದಲ್ಲಿ ಪೆಟ್ಟಿಗೆಗಿಂತ ಕೀಬೋರ್ಡೇ ಒಂದು ಹೆಜ್ಜೆ ಮುಂದೆ, ಸ್ವರ ಬಗ್ಗಿಸುವ ಚಕ್ರ ಹಲವು ಮಾದರಿಗಳಲ್ಲಿ ಇದೆ. ತೊಂದರೆ ಇರುವುದು ಗಾಳಿಯಲ್ಲಿ. ಸಿಟಿ-ಎಸ್200ರಲ್ಲಿ ಮನೆಯನ್ನು ಮೆತ್ತಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಅದರ ಅಣ್ಣನಂತಿರುವ ಸಿಟಿ-ಎಸ್300ರಲ್ಲಿ ಬೆರಳಿನ ಒತ್ತಡಕ್ಕೆ ಸ್ಪಂದನ ಇದೆ. ಆದರೆ ಅದೂ ಒತ್ತಿದ ಕ್ಷಣಕ್ಕೆ ಮಾತ್ರ. ಹಿಡಿದ ಸ್ವರ ಹಿಡಿದಲ್ಲೇ ಉಬ್ಬುವುದು, ಪಾತ್ರಧಾರಿಯ ದನಿ ಸೋತಂತೆ ತಾನೂ ತಗ್ಗಿ ಅವನ ಕೆಳಗೆ ಹಾಸಿಕೊಳ್ಳುವುದು, ಅವನು ಚೇತರಿಸಿಕೊಂಡಾಗ ಮತ್ತೆ ಏಳುವುದು, ಇದು ಎಡಗೈಯಲ್ಲಿ ತಿದಿ ಇದ್ದವರಿಗೆ ಮಾತ್ರ ಒಲಿದ ವಿದ್ಯೆ. ಲೆಗ್ ಹಾರ್ಮೋನಿಯಂನವರಿಗೆ ಇದು ಪಾದದಲ್ಲಿದೆ. ಎರಡು ಕೈಯೂ ಖಾಲಿ ಇರುವುದರಿಂದಲೇ ದೊಡ್ಡ ಮೇಷ್ಟ್ರುಗಳು ಆ ಭಾರವನ್ನು ಹೊರುವ ಖರ್ಚಿಗೆ ಹೆದರಲಿಲ್ಲ. ಸಮನಾದ ಸದ್ದಿನ ಎದುರು ಹಾಡುವ ಪಾತ್ರಧಾರಿ ಏನು ಮಾಡುತ್ತಾನೆ? ಸದ್ದನ್ನು ಮೀರಲು ಕೂಗುತ್ತಾನೆ. ಮಧ್ಯರಾತ್ರಿಗೆ ಗಂಟಲು ಹೋಗುತ್ತದೆ. ಮುಂದಿನ ವರ್ಷ ಮೇಷ್ಟ್ರು ಪದ್ಯ ಕಡಿಮೆ ಮಾಡಿ ಸಿನಿಮಾ ಧಾಟಿಯ ಹಾಡು ಹಾಕುತ್ತಾರೆ, ರಿದಂ ಗುಂಡಿ ಒತ್ತಿದರೆ ತಬಲವೂ ಬೇಡ. ಮೊದಲು ಸಂಧಾನದ ಒಂದೊಂದು ಪದ್ಯ, ಆಮೇಲೆ ಎರಡೆರಡು ಬಿದ್ದುಹೋಗುತ್ತವೆ. ಕೈಬರಹದ ಪುಸ್ತಕದಲ್ಲಿ ಅವುಗಳ ಮೇಲೆ ಪೆನ್ನಿನ ಅಡ್ಡಗೆರೆ. ಇದನ್ನು ನಾನು ಹಳೆಯದರ ಮೋಹದಿಂದ ಹೇಳುತ್ತಿಲ್ಲ. ಗೆರೆ ಎಳೆಸಿಕೊಂಡ ಪುಸ್ತಕಗಳನ್ನು ನೋಡಿದ್ದೇನೆ.

ಹುಡುಗ ಮತ್ತೆ ಬಂದ. ಈ ಸಲ ತೂಕ ಕೇಳಲಿಲ್ಲ, ನಾನೂ ಹೇಳಲಿಲ್ಲ. ಭಜನೆಗೆ ಮಾತ್ರವಾದರೆ ನಿನಗೆ ಇಷ್ಟ ಬಂದದ್ದು ತಗೋ ಎಂದೆ. ನಾಟಕ ಬಿಡುವುದಿಲ್ಲ ಎಂದ. ಹಾಗಾದರೆ 37 ಇಲ್ಲವೆ 39 ಮನೆಯ, ಎರಡು ಸಾಲು ರೀಡಿನ, ಸ್ಕೇಲ್ ಚೇಂಜರ್ ಇಲ್ಲದ, ಮಡಚಿ ಪೆಟ್ಟಿಗೆ ಆಗುವಂಥದ್ದು. ರೀಡು ಪಾಲಿಟಾಣದ್ದಾದರೆ ಒಳ್ಳೆಯದು, ಬೆರಳಿಕೆಯನ್ನು ಮೂರು ಶ್ರುತಿಯಲ್ಲಿ ನೀನೇ ಕಲಿ. ಅಂಗಡಿಯಲ್ಲಿ ಮೊದಲು ಎಲ್ಲ ಸ್ಟಾಪರ್ ಒಳಗೆ ತಳ್ಳಿ, ತಿದಿ ತುಂಬಿಸಿ ಕೈಬಿಡು. ಗಾಳಿ ಸೋರಿ ತಿದಿ ಬೇಗ ಇಳಿದರೆ ಎದ್ದು ಬಾ. ಇಳಿಯದಿದ್ದರೆ ಜೊತೆಯಲ್ಲಿ ಕರ್ಣನನ್ನು ಕರೆದುಕೊಂಡು ಹೋಗಿರು. ಅವನ ಕೈಲಿ ಅತಿ ಉದ್ದದ ಪದ್ಯ ಹಾಡಿಸು. ಅಂಗಡಿಯವರು ನಗುತ್ತಾರೆ, ನಗಲಿ. ಕೊನೆಯ ಅಕ್ಷರಕ್ಕೆ ಅವನ ಉಸಿರು ಮುಗಿಯುವಾಗ ನಿನ್ನ ತಿದಿಯಲ್ಲಿ ಇನ್ನೂ ಗಾಳಿ ಉಳಿದಿದೆಯೇ ನೋಡಿಕೋ.