ಎರಡು ಗ್ರಾಂ ಸಕ್ಕರೆಯ ಹೆಗ್ಗಳಿಕೆ

ಪೊಟ್ಟಣದ ಮೇಲೆ ‘ಕಡಿಮೆ ಸಕ್ಕರೆ’ ಎಂದು ಅಚ್ಚು ಹಾಕಿಕೊಂಡು ಬರುವ ಮೆತ್ತನೆಯ ಗ್ರಾನೋಲಾ ಬಾರ್‌ಗೆ ಆರೋಗ್ಯದ ಅಂಕಣಗಳಲ್ಲಿ ಸಿಗುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಶೇಂಗಾ ಚಿಕ್ಕಿಯನ್ನು ಅದೇ ಅಂಕಣಗಳು ‘ಬರೀ ಸಿಹಿ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಊಟ ಹೆಚ್ಚಾಗಿ ಬೊಜ್ಜು ಬಂದ ಊರಿನಲ್ಲಿ ಕೂತು ಬರೆದ ತೀರ್ಪು ಇದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಇದೇ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ. 2025ರಲ್ಲಿ ಆ ಅನ್ಯಾಯ ಆಗಿಯೂ ಹೋಯಿತು.

ಮೊದಲು ಬಾರ್‌ನ ಲೆಕ್ಕ ನೋಡೋಣ. ಅಮೆರಿಕದಲ್ಲಿ ಸಕ್ಕರೆ ಇಳಿಸಿದ್ದೇವೆ ಎಂದು ಹೇಳಬೇಕಾದರೆ ಅದೇ ಬಗೆಯ ಮೂಲ ತಿಂಡಿಗಿಂತ ಕನಿಷ್ಠ ಶೇ 25ರಷ್ಟು ಕಡಿಮೆ ಇದ್ದರೆ ಸಾಕು. ಮೂಲದಲ್ಲಿ ಎಷ್ಟಿತ್ತು ಎಂಬುದನ್ನು ಆ ನಿಯಮ ಕೇಳುವುದಿಲ್ಲ. ಸುಮಾರು 24 ಗ್ರಾಂ ತೂಕದ ಮಾಮೂಲಿ ಬಾರ್‌ನಲ್ಲಿ 7 ಗ್ರಾಂ ಸಕ್ಕರೆ ಇದ್ದರೆ, ಇಳಿಸಿದ್ದರಲ್ಲಿ 5 ಗ್ರಾಂ. ವ್ಯತ್ಯಾಸ ಎರಡು ಗ್ರಾಂ, ಅಂದರೆ ಅರ್ಧ ಚಮಚ, ಎಂಟು ಕ್ಯಾಲರಿ. 24ರಲ್ಲಿ 5 ಅಂದರೆ ನೂರಕ್ಕೆ ಇಪ್ಪತ್ತೊಂದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಲ್ಲಿ ಗಟ್ಟಿ ಪದಾರ್ಥವೊಂದನ್ನು ‘ಕಡಿಮೆ ಸಕ್ಕರೆ’ಯದು ಎನ್ನಲು ನೂರು ಗ್ರಾಂಗೆ 5 ಗ್ರಾಂ ಮೀರಬಾರದು. ಈ ಬಾರ್ ಅದರ ನಾಲ್ಕು ಪಟ್ಟು ಇದೆ. ಅದರಲ್ಲಿ ಪ್ರೋಟೀನ್ ಎಷ್ಟು? ಬಹುತೇಕ ಇಂಥ ಬಾರ್‌ಗಳಲ್ಲಿ ಒಂದು ಗ್ರಾಂ, ಹೆಚ್ಚೆಂದರೆ ಎರಡು.

ಸಕ್ಕರೆ ತೆಗೆದ ಜಾಗಕ್ಕೆ ಏನು ಬಂತು ಎನ್ನುವ ಪ್ರಶ್ನೆಯನ್ನು ಅಂಕಣಕಾರರು ಕೇಳಿಯೇ ಇಲ್ಲ. ಇಂಥ ತಿಂಡಿಯಲ್ಲಿ ಸಕ್ಕರೆ ರುಚಿಗಷ್ಟೇ ಇರುವುದಲ್ಲ, ಅಂಟು ಅದೇ. ಓಟ್ಸ್ ಮತ್ತು ಅಕ್ಕಿಯ ಅರಳು ಉದುರದಂತೆ ಹಿಡಿಯುವುದು ಪಾಕ. ಚಿಕ್ಕಿ ಮಾಡುವವರು ಬೆಲ್ಲದ ಪಾಕವನ್ನು ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ; ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಅದು ಟಣ್ ಎಂದು ಮುರಿದರೆ ಹದ ಬಂತು ಎಂದು ಶೇಂಗಾ ಸುರಿಯುತ್ತಾರೆ. ಆ ಹದಕ್ಕೆ ಬರುವಾಗ ಪಾಕದ ನೀರು ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ, ಆರಿದಾಗ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಮೆತ್ತನೆಯ ಬಾರ್‌ಗೆ ಬೇಕಾದ್ದು ಇದರ ತದ್ವಿರುದ್ಧ. ಅಲ್ಲಿ ನೀರು ಉಳಿಯಬೇಕು, ಆದರೆ ಬೂಷ್ಟು ಹಿಡಿಯುವಷ್ಟು ಸಡಿಲವಾಗಿ ಉಳಿಯಬಾರದು. ಆ ನೀರನ್ನು ಕಟ್ಟಿಹಾಕುವ ಕೆಲಸವನ್ನು ಗ್ಲೂಕೋಸ್ ಸಿರಪ್ ಮಾಡುತ್ತಿತ್ತು. ಸಿರಪ್ ಇಳಿಸಿದ ಮೇಲೆ ಆ ಕೆಲಸಕ್ಕೆ ಗ್ಲಿಸರಿನ್, ಸಾರ್ಬಿಟಾಲ್, ಚಿಕೋರಿ ಬೇರಿನ ಇನುಲಿನ್, ಮೆಕ್ಕೆಜೋಳದಿಂದ ತೆಗೆದ ಕರಗುವ ನಾರು ಬರುತ್ತವೆ. ಗ್ಲಿಸರಿನ್ ಮತ್ತು ಸಾರ್ಬಿಟಾಲ್ ಸಿಹಿಯಾಗಿಯೇ ಇದ್ದರೂ ಪಟ್ಟಿಯ ‘ಸಕ್ಕರೆ’ ಸಾಲಿಗೆ ಸೇರುವುದಿಲ್ಲ, ಒಟ್ಟು ಕಾರ್ಬೋಹೈಡ್ರೇಟ್ ಸಾಲಿನೊಳಗೆ ಕೂರುತ್ತವೆ. ಹಾಗಾಗಿ ಸಕ್ಕರೆಯ ಅಂಕಿ ಕಾಲುಭಾಗ ಇಳಿದರೂ ಕ್ಯಾಲರಿಯ ಅಂಕಿ ಅಷ್ಟು ಇಳಿಯುವುದಿಲ್ಲ. ಸಾರ್ಬಿಟಾಲ್, ಇನುಲಿನ್ ಹೆಚ್ಚಾದರೆ ಕೆಲವು ಮಕ್ಕಳ ಹೊಟ್ಟೆ ಉಬ್ಬರಿಸುತ್ತದೆ. ಇದು ವಿಷ ಎಂದು ನಾನು ಹೇಳುತ್ತಿಲ್ಲ. ಹೊಸ ಅಂಟಿನಲ್ಲಿ ಬೆಳೆಯುವ ಮಗುವಿನ ಮೈ ಕಟ್ಟುವಂಥದ್ದು ಏನೂ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅಂಟು ಬದಲಾಗಿದೆ, ಅಂಟಿನೊಳಗಿನ ಕಾಳು ಹೆಚ್ಚಿಲ್ಲ.

ಇಷ್ಟೇ ತೂಕದ ಚಿಕ್ಕಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಶೇಂಗಾ ಇದ್ದರೆ ಪ್ರೋಟೀನ್ ಮೂರು ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಮತ್ತು 40 ಗ್ರಾಂ ಕೊಬ್ಬು ಇದೆ. ಬಾರ್, ಚಿಕ್ಕಿ ಎರಡರಲ್ಲೂ ಕ್ಯಾಲರಿ ನೂರರ ಆಸುಪಾಸು. ಸಕ್ಕರೆ ಮಾತ್ರ ಚಿಕ್ಕಿಯಲ್ಲಿ ಸುಮಾರು ಇಮ್ಮಡಿ, ಒಂಬತ್ತು ಹತ್ತು ಗ್ರಾಂ. ಚಿಕ್ಕಿಯ ಪರ ವಹಿಸುವವರು ಇದನ್ನು ಮುಚ್ಚಿಡಬಾರದು. ಅದೇ ಸಂಸ್ಥೆಯ 2024ರ ಮಾರ್ಗಸೂಚಿ ಸೇರಿಸಿದ ಸಕ್ಕರೆಯನ್ನು ಒಟ್ಟು ಶಕ್ತಿಯ ಶೇ 5ರೊಳಗೆ ಇಡಿ ಎನ್ನುತ್ತದೆ. ಬೆಲ್ಲವೂ ಆ ಲೆಕ್ಕದಲ್ಲೇ ಬರಬೇಕು. ಬೆಲ್ಲ ಅಮೃತ, ಸಕ್ಕರೆ ವಿಷ ಎಂದು ಭಾಷಣ ಮಾಡುವ ಗುಂಪಿನ ಜೊತೆ ನನಗೆ ಈ ಕಾರಣಕ್ಕೇ ಜಗಳವಿದೆ. ಇಂಥ ಚಿಕ್ಕಿಯ ಹನ್ನೊಂದು ಗ್ರಾಂ ಬೆಲ್ಲದಲ್ಲಿ ಬರುವ ಕಬ್ಬಿಣ ಮಗುವಿನ ರಕ್ತಹೀನತೆಯನ್ನು ನೀಗಿಸುವಷ್ಟಿಲ್ಲ. ಚಿಕ್ಕಿಯ ಗುಣ ಬೆಲ್ಲದಲ್ಲಿಲ್ಲ, ಶೇಂಗಾದಲ್ಲಿದೆ.

ಈಗ ಶಾಲೆಯ ಪ್ರಸಂಗ. ಅಪೌಷ್ಟಿಕತೆ ಹೆಚ್ಚಿರುವ ಕಾರಣಕ್ಕೆ 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆ ಮೊದಲು ಶುರುವಾದದ್ದು ಕಲಬುರಗಿ, ಯಾದಗಿರಿ, ರಾಯಚೂರಿನಂಥ ನಮ್ಮ ಭಾಗದ ಜಿಲ್ಲೆಗಳಲ್ಲೇ. ಕೆಲವು ಮಠಾಧೀಶರು ಮೊಟ್ಟೆಯನ್ನು ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಆಮೇಲೆ ಚಿಕ್ಕಿ ಬಂತು. 2025ರ ಆರಂಭದಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯನ್ನು ನಿಲ್ಲಿಸಿತು. ಅದರಲ್ಲಿ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು ಮತ್ತು ಸಕ್ಕರೆ ಹೆಚ್ಚು, ಅದು ಮಕ್ಕಳಿಗೆ ಒಳ್ಳೆಯದಲ್ಲ ಎಂಬ ಕಾರಣ ಪತ್ರಿಕೆಗಳಲ್ಲಿ ಬಂತು.

ಈ ಕಾರಣವನ್ನು ಯಾವ ವಿಮರ್ಶಕರೂ ತಡೆದು ಕೇಳಲಿಲ್ಲ ಎನ್ನುವುದು ನನ್ನ ಬೇಸರ. ಶೇಂಗಾದ ಕೊಬ್ಬಿನಲ್ಲಿ ಐದರಲ್ಲಿ ನಾಲ್ಕು ಪಾಲು ಅಪರ್ಯಾಪ್ತವೇ. ಹೃದಯದ ವೈದ್ಯರು ತುಪ್ಪ, ವನಸ್ಪತಿಯ ಬದಲು ಬಳಸಿ ಎನ್ನುವುದು ಇದೇ ಕೊಬ್ಬನ್ನು. ತೂಕ ಏರದ ಮಗುವಿಗೆ ಸ್ವಲ್ಪದರಲ್ಲೇ ಹೆಚ್ಚು ಶಕ್ತಿ ಕೊಡುವುದೂ ಇದೇ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಜಗತ್ತಿನ ಎಷ್ಟೋ ಕಡೆ ಕೊಡುವ ಚಿಕಿತ್ಸಾ ಆಹಾರಕ್ಕೂ ಶೇಂಗಾ ಪೇಸ್ಟೇ ಬುನಾದಿ. ಅಂಥದ್ದನ್ನು ದೋಷದ ಪಟ್ಟಿಗೆ ಸೇರಿಸಿದ್ದು ಸಣ್ಣ ತಪ್ಪಲ್ಲ. ಇನ್ನು ಸಕ್ಕರೆ. ಚಿಕ್ಕಿ ತೆಗೆದ ಮೇಲೆ ಉಳಿದ ಆಯ್ಕೆ ಮೊಟ್ಟೆ ಇಲ್ಲವೇ ಬಾಳೆಹಣ್ಣು. ಮೊಟ್ಟೆ ತಿನ್ನುವ ಮಗುವಿಗೆ ನಷ್ಟವಿಲ್ಲ: ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಉತ್ತಮ ಪ್ರೋಟೀನ್, ಜೊತೆಗೆ ಶೇಂಗಾದಲ್ಲಿ ಇಲ್ಲದ ಬಿ12. ಚಿಕ್ಕಿ ಮೊಟ್ಟೆಗೆ ಸಾಟಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಮೊಟ್ಟೆಯ ವಿರೋಧಿಗಳು ಚಿಕ್ಕಿಯನ್ನು ಗುರಾಣಿ ಮಾಡಿಕೊಂಡದ್ದನ್ನೂ ಒಪ್ಪುವುದಿಲ್ಲ. ಆದರೆ ಮೊಟ್ಟೆ ಮುಟ್ಟದ ಮಗುವಿಗೆ ಈಗ ಉಳಿದದ್ದು ಒಂದು ಗ್ರಾಂ ಚಿಲ್ಲರೆ ಪ್ರೋಟೀನಿನ ಬಾಳೆಹಣ್ಣು. ಹಣ್ಣಿನೊಳಗಿನ ಸಿಹಿ ಬೆಲ್ಲದಷ್ಟು ಕೆಟ್ಟದ್ದಲ್ಲ, ನಿಜ. ಆದರೂ 24 ಗ್ರಾಂ ಚಿಕ್ಕಿಯ ಲೆಕ್ಕ ಹಿಡಿದರೆ, ಆ ಮಗುವಿಗೆ ಅದರಿಂದ ಸಿಗುತ್ತಿದ್ದ ಪ್ರೋಟೀನಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಯಿತು. ಪ್ರಾಥಮಿಕ ಶಾಲೆಯ ಮಗುವಿಗೆ ಬಿಸಿಯೂಟದಲ್ಲಿ 12 ಗ್ರಾಂ ಪ್ರೋಟೀನ್ ಸಿಗಬೇಕು ಎಂಬುದು ಕೇಂದ್ರದ ಮಾನದಂಡ. ಅಂಥ ಕಡೆ ಎರಡು ಗ್ರಾಂ ಕಡಿಮೆಯಾದರೆ ಅದು ಲೆಕ್ಕಕ್ಕೆ ಬರುತ್ತದೆ. ಬಾರ್‌ನಲ್ಲಿ ಎರಡು ಗ್ರಾಂ ಸಕ್ಕರೆ ಇಳಿದದ್ದಕ್ಕೆ ಹೊಗಳಿಕೆ ಸಿಕ್ಕಿತು, ತಟ್ಟೆಯಲ್ಲಿ ಎರಡು ಗ್ರಾಂ ಪ್ರೋಟೀನ್ ಇಳಿದದ್ದನ್ನು ಯಾರೂ ಬರೆಯಲಿಲ್ಲ.

ಚಿಕ್ಕಿಯ ವಿರುದ್ಧ ಹೇಳಬೇಕಾಗಿದ್ದ ಗಟ್ಟಿಯಾದ ಮಾತು ಬೇರೆ ಇತ್ತು. ಹಸಿ ಜಾಗದಲ್ಲಿ ಇಟ್ಟ ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಯಕೃತ್ತಿಗೆ ಪೆಟ್ಟು. ಹುರಿದಷ್ಟಕ್ಕೆ ಅದು ಪೂರ್ತಿ ಹೋಗುವುದಿಲ್ಲ. ದೂರದಿಂದ ಟೆಂಡರಿನಲ್ಲಿ ಬಂದು, ಶಾಲೆಯ ಕೋಣೆಯಲ್ಲಿ ವಾರಗಟ್ಟಲೆ ಬಿದ್ದ ಚಿಕ್ಕಿ ಮಳೆಗಾಲದಲ್ಲಿ ತೇವ ಹೀರಿ ಜಿಗುಟಾಗುತ್ತದೆ, ಎಣ್ಣೆ ಕಮಟು ಹಿಡಿಯುತ್ತದೆ. ಇದು ಪರೀಕ್ಷಿಸಿ ಸರಿಪಡಿಸಬಹುದಾದ ದೋಷ.

ದೂರದಿಂದ ತರಿಸುವ ಬದಲು ಚಿಕ್ಕಿಯನ್ನು ಇಲ್ಲೇ ಮಾಡಲು ಬೇಕಾದ ಹಲವು ಈ ಮೂರು ತಾಲೂಕುಗಳಲ್ಲಿ ಹತ್ತಿರದಲ್ಲೇ ಇವೆ. ಭೀಮಾ ತೀರದ ಅಫಜಲಪುರದಲ್ಲಿ ಕಬ್ಬು, ಆಳಂದದ ಕರಿನೆಲದಲ್ಲಿ ತೊಗರಿಯ ಜೊತೆಗೆ ಕಡಲೆ, ಊರೂರಿಗೆ ಮಹಿಳಾ ಸ್ವಸಹಾಯ ಸಂಘಗಳು. ಜೋಳದ ರೊಟ್ಟಿ ಬಡಿದು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುವುದನ್ನು ಇಲ್ಲಿನ ಹೆಣ್ಣುಮಕ್ಕಳೇ ಮಾಡಿ ತೋರಿಸಿದ್ದಾರೆ. ಎರಡು ಪಾಲು ಶೇಂಗಾ ಮತ್ತು ಪುಠಾಣಿಗೆ (ಹುರಿಗಡಲೆ) ಒಂದೇ ಪಾಲು ಬೆಲ್ಲ ಹಾಕಿ ತೆಳ್ಳಗೆ ಲಟ್ಟಿಸಿದರೆ, 24 ಗ್ರಾಂನಲ್ಲಿ ಸಕ್ಕರೆ ಏಳು ಗ್ರಾಂ ಆಸುಪಾಸಿಗೆ ಬರುತ್ತದೆ, ಪ್ರೋಟೀನ್ ಮೂರೂವರೆ ದಾಟುತ್ತದೆ. ಬೆಲ್ಲ ಇಷ್ಟು ಕಡಿಮೆಯಾದಾಗ ಚಿಕ್ಕಿ ಅಂಚಿನಲ್ಲಿ ಉದುರುತ್ತದೆ, ಆ ಪುಡಿಯನ್ನು ಉಂಡಿ ಕಟ್ಟಬಹುದು. ಪೊಟ್ಟಣದ ಮೇಲೆ ಶೇಂಗಾ ಹುರಿದ ತಾರೀಖು, ಬೂಷ್ಟಿನ ವಿಷಕ್ಕೆ ಪರೀಕ್ಷೆಯಾದ ತಾರೀಖು, ಶೇಂಗಾ ಎಷ್ಟು, ಬೆಲ್ಲ ಎಷ್ಟು ಎಂಬ ನಾಲ್ಕನ್ನು ಕನ್ನಡದಲ್ಲಿ ಬರೆಯಲಿ. ಇಲಾಖೆ ತನ್ನ ಆದೇಶವನ್ನು ಮತ್ತೆ ನೋಡುವಾಗ ಆ ನಾಲ್ಕು ಸಾಲುಗಳನ್ನು ಕೇಳಲಿ, ಅಪರ್ಯಾಪ್ತ ಕೊಬ್ಬಿನ ಮಾತನ್ನು ಕಡತದಿಂದ ತೆಗೆಯಲಿ.