ತಂದದ್ದೇನೋ ಸರಿ, ನಿಲ್ಲಿಸುವುದೆಲ್ಲಿ?

2020ರ ಆಗಸ್ಟ್ 15. ನಮ್ಮಲ್ಲಿ ಮಧ್ಯರಾತ್ರಿ ಕಳೆದು ಎಷ್ಟೋ ಹೊತ್ತಾಗಿತ್ತು. ಲಿಸ್ಬನ್‌ನ ಖಾಲಿ ಕ್ರೀಡಾಂಗಣದಲ್ಲಿ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್‌ಫೈನಲ್. ಬಯರ್ನ್ ಮ್ಯೂನಿಕ್ 5, ಬಾರ್ಸಿಲೋನಾ 2. ಎಪ್ಪತ್ತೈದನೇ ನಿಮಿಷದಲ್ಲಿ ಬಯರ್ನ್ ಪರ ಬದಲಿ ಆಟಗಾರನಾಗಿ ಇಳಿದವನು ಫಿಲಿಪ್ ಕುಟಿನ್ಹೊ. ಇಳಿದವನು ಲೆವಾಂಡೊವ್‌ಸ್ಕಿಗೆ ಒಂದು ಗೋಲು ಮಾಡಿಸಿಕೊಟ್ಟ, ತಾನೇ ಎರಡು ಹೊಡೆದ. ಹೊಡೆದರೂ ಸಂಭ್ರಮಿಸಲಿಲ್ಲ. ಪಂದ್ಯ 8–2ಕ್ಕೆ ಮುಗಿಯಿತು. ಬಾರ್ಸಿಲೋನಾ ಅಭಿಮಾನಿಗಳ ಹೊಟ್ಟೆ ಉರಿಸಿದ್ದು ಸೋಲೊಂದೇ ಅಲ್ಲ. ಆ ಎರಡು ಗೋಲು ಹೊಡೆದವನು ಅವರದೇ ಆಟಗಾರ. ಅಲ್ಲಿಯವರೆಗಿನ ಅವರ ಇತಿಹಾಸದಲ್ಲೇ ಅತಿ ದುಬಾರಿ ಆಟಗಾರನನ್ನು ಕ್ಲಬ್ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು.

ಕೊಳ್ಳುವಾಗಿನ ಸಡಗರವೇ ಬೇರೆ ಇತ್ತು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, 2017ರ ಡಿಸೆಂಬರ್ ಕೊನೆಯಲ್ಲಿ, ನೈಕಿಯ ಮಾರಾಟ ತಾಣದಲ್ಲಿ ಕುಟಿನ್ಹೊ ಹೆಸರಿನ ಬಾರ್ಸಿಲೋನಾ ಜೆರ್ಸಿಯ ಜಾಹೀರಾತು ಕಾಣಿಸಿಕೊಂಡಿತ್ತು! ಜನವರಿ ಮೊದಲ ವಾರದಲ್ಲಿ ಲಿವರ್‌ಪೂಲ್ ಜೊತೆ ವ್ಯವಹಾರ ಕುದುರಿತು: 12 ಕೋಟಿ ಯೂರೊ ಖಚಿತ, ಷರತ್ತುಗಳ ಮೇಲೆ ಇನ್ನೂ 4 ಕೋಟಿ. ಇದೇ ಹುಡುಗನನ್ನು ಲಿವರ್‌ಪೂಲ್ 2013ರಲ್ಲಿ ಇಂಟರ್ ಮಿಲಾನ್‌ನಿಂದ ಕೊಂಡದ್ದು 85 ಲಕ್ಷ ಪೌಂಡ್‌ಗೆ. ಬಾರ್ಸಿಲೋನಾದ ಮೈದಾನ ಕ್ಯಾಂಪ್ ನೌಗೆ ಬಂದಾಗ ಅವನ ತೊಡೆಗೆ ಪೆಟ್ಟಾಗಿತ್ತು, ಹಾಗಾಗಿ ಸ್ವಾಗತ ಮುಗಿದ ಮೇಲೆ ವಾರಗಟ್ಟಲೆ ಆಡಲಿಲ್ಲ. ಲಿವರ್‌ಪೂಲ್ ಪರ ಆಗಲೇ ಆಡಿದ್ದರಿಂದ ಆ ವರ್ಷದ ಚಾಂಪಿಯನ್ಸ್ ಲೀಗ್‌ನಲ್ಲೂ ಅವನಿಗೆ ಅವಕಾಶವಿರಲಿಲ್ಲ. ಅಷ್ಟು ಹಣ ಸುರಿದು ತುರ್ತಾಗಿ ತಂದವನನ್ನು ಅತಿ ಮುಖ್ಯ ಪಂದ್ಯಾವಳಿಯಲ್ಲಿ ಕೂರಿಸಿಕೊಳ್ಳಬೇಕಾಯಿತು ಎಂದರೆ, ಆ ಅವಸರ ಯಾರದು ಎಂದು ಕೇಳಲೇಬೇಕು.

ಅವಸರ ಕ್ಲಬ್‌ನ ಆಡಳಿತದ್ದು. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ 22.2 ಕೋಟಿ ಯೂರೊ ಎಣಿಸಿ ನೇಮರ್‌ನನ್ನು ಕರೆದೊಯ್ದಿತ್ತು. ಅಧ್ಯಕ್ಷ ಜೋಸೆಪ್ ಮರಿಯಾ ಬಾರ್ಟೊಮೆಯು ಅವರಿಗೆ ಅಭಿಮಾನಿಗಳೆದುರು ಮುಖ ಉಳಿಸಿಕೊಳ್ಳಬೇಕಿತ್ತು. ಆದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತು, ಬಾರ್ಸಿಲೋನಾದ ಚೀಲದಲ್ಲಿ ಎಷ್ಟಿದೆ ಎಂದು. ಲಿವರ್‌ಪೂಲ್ ಆ ಆಗಸ್ಟ್‌ನಲ್ಲಿ ಬಂದ ಬೆಲೆಗಳನ್ನೆಲ್ಲ ತಿರಸ್ಕರಿಸಿ ಜನವರಿವರೆಗೆ ಕಾಯಿತು. ಡಾರ್ಟ್‌ಮಂಡ್ ತನ್ನ ಇಪ್ಪತ್ತು ವರ್ಷದ ಉಸ್ಮಾನ್ ಡೆಂಬೆಲೆಗೆ 10.5 ಕೋಟಿ ಯೂರೊ ಪಡೆಯಿತು, ಷರತ್ತಿನ ಹಣ ಬೇರೆ. ಕೊಳ್ಳುವವನ ಜೇಬೂ ಗರಜೂ ಎರಡೂ ಮಾರುವವನಿಗೆ ತಿಳಿದ ಮೇಲೆ ಚೌಕಾಸಿಗೆ ಏನು ಉಳಿಯಿತು?

ಇನ್ನು ಆಟ. ಕುಟಿನ್ಹೊ ಸೋತದ್ದು ಪ್ರತಿಭೆ ಬತ್ತಿದ್ದರಿಂದ ಎಂದು ನನಗನ್ನಿಸುವುದಿಲ್ಲ. ಮೊದಲ ಅರ್ಧ ವರ್ಷ ಚೆನ್ನಾಗಿಯೇ ಆಡಿದ. 2018ರ ಮೇನಲ್ಲಿ ಲೆವಾಂತೆ ವಿರುದ್ಧ ತಂಡ 5–4ರಿಂದ ಸೋತಾಗಲೂ ಹ್ಯಾಟ್ರಿಕ್ ಇವನದೇ. ಲಿವರ್‌ಪೂಲ್‌ನಲ್ಲಿ ಅವನ ಜಾಗ ಎಡಬದಿಗೂ ನಡುವಿಗೂ ಮಧ್ಯದ ಪಟ್ಟಿ. ಅಲ್ಲಿ ಚೆಂಡು ಸಿಕ್ಕರೆ ಬಲಗಾಲಿಗೆ ತಂದುಕೊಂಡು, ಇಪ್ಪತ್ತೈದು ಗಜದಿಂದ ದೂರದ ಕಂಬದ ಮೂಲೆಗೆ ಬಾಗಿಸಿ ಹೊಡೆಯುತ್ತಿದ್ದ. ಸುತ್ತಲಿನವರು ಅವನಿಗಾಗಿ ಓಡಿ ಜಾಗ ಮಾಡಿಕೊಡುತ್ತಿದ್ದರು. ಬಾರ್ಸಿಲೋನಾದಲ್ಲಿ ಎಲ್ಲರೂ ಜಾಗ ಮಾಡಿಕೊಡುವುದು ಮೆಸ್ಸಿಗೆ. ಅಲ್ಲಿ ಕುಟಿನ್ಹೊನಿಂದ ಬಯಸಿದ್ದು ಇನ್ನಿಬ್ಬರ ಕೆಲಸ: ಅಂಚಿನಲ್ಲಿ ನೇಮರ್‌ನಂತೆ ಎದುರಾಳಿಯನ್ನು ದಾಟಿ ನುಗ್ಗಬೇಕು, ಇನಿಯೆಸ್ಟಾ ಹೊರಟ ಮೇಲೆ ಮಧ್ಯದಲ್ಲಿ ಚೆಂಡನ್ನು ಕಾಯ್ದು ಹಂಚಬೇಕು. ನುಗ್ಗುವಷ್ಟು ವೇಗ ಅವನಿಗಿರಲಿಲ್ಲ. ಕಾಯುವ ತಾಳ್ಮೆಯೂ ಇರಲಿಲ್ಲ. ಕಾಲಿಗೆ ಚೆಂಡು ಬಂದರೆ ಕಣ್ಣು ಗೋಲಿನ ಕಡೆಗೇ.

2019ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವನು ಹಾಕಿದ ಗೋಲನ್ನು ನೋಡಿದರೆ ಇಡೀ ಕಥೆ ಅರ್ಥವಾಗುತ್ತದೆ. ಅದೇ ದೂರ, ಅದೇ ಬಲಗಾಲು, ಅದೇ ಮೇಲಿನ ಮೂಲೆ. ಗೋಲಾದ ಕೂಡಲೇ ಕಣ್ಣು ಮುಚ್ಚಿ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ತಿಂಗಳುಗಟ್ಟಲೆ ಶಿಳ್ಳೆ ಹಾಕಿ ಹೀಯಾಳಿಸಿದ ಸ್ವಂತ ಅಭಿಮಾನಿಗಳಿಗೆ ಕೊಟ್ಟ ಉತ್ತರ ಅದು. ಮೂರು ವಾರದ ಬಳಿಕ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್. ಮೊದಲ ಪಂದ್ಯ 3–0ಯಿಂದ ಗೆದ್ದು ಬಂದಿದ್ದ ಬಾರ್ಸಿಲೋನಾ ಅಲ್ಲಿ 4–0ಯಿಂದ ನೆಲಕಚ್ಚಿತು. ಕುಟಿನ್ಹೊನನ್ನು ಅರವತ್ತನೇ ನಿಮಿಷಕ್ಕೆ ಹೊರಗೆ ಕರೆದರು. ಎದುರಾಳಿ ತಂಡದ ರಕ್ಷಣೆಯಲ್ಲಿ ನಿಂತಿದ್ದವರು ವ್ಯಾನ್ ಡೈಕ್ ಮತ್ತು ಗೋಲ್‌ಕೀಪರ್ ಅಲಿಸನ್. ಒಬ್ಬನನ್ನು ಲಿವರ್‌ಪೂಲ್ ತಂದದ್ದು ಕುಟಿನ್ಹೊ ಮಾರಾಟದ ಹೊತ್ತಿನಲ್ಲಿ, ಇನ್ನೊಬ್ಬನನ್ನು ಅದಾದ ಆರು ತಿಂಗಳಿಗೆ. ಒಂದು ಕ್ಲಬ್ ತನಗೆ ಇಲ್ಲದ್ದನ್ನು ಹುಡುಕಿ ಕೊಂಡಿತು. ಇನ್ನೊಂದು ಪೇಟೆಯಲ್ಲಿ ಹೆಚ್ಚು ಹೊಳೆಯುತ್ತಿದ್ದುದನ್ನು ಕೊಂಡಿತು.

ಹೀಗೆ ಕೊಂಡ ತಪ್ಪನ್ನು ತಿದ್ದಿಕೊಳ್ಳುವುದೂ ಸುಲಭವಲ್ಲ. ಆಟಗಾರನ ಬೆಲೆಯನ್ನು ಕ್ಲಬ್‌ಗಳು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತವೆ. ಐದೂವರೆ ವರ್ಷದ ಒಪ್ಪಂದಕ್ಕೆ 12 ಕೋಟಿ ಹಂಚಿದರೆ ವರ್ಷಕ್ಕೆ ಸುಮಾರು 2.2 ಕೋಟಿ. ಒಂದೂವರೆ ವರ್ಷ ಕಳೆದರೂ ಪುಸ್ತಕದಲ್ಲಿ ಸುಮಾರು 8.7 ಕೋಟಿ ಬಾಕಿ. ಅದಕ್ಕಿಂತ ಕಡಿಮೆಗೆ ಮಾರಿದರೆ ನಷ್ಟವನ್ನು ಆ ವರ್ಷವೇ ತೋರಿಸಬೇಕು. ಮೇಲೆ ಆ ಸಂಬಳ ಕೊಡಲು ಬೇರೆ ಕ್ಲಬ್ ಸಿದ್ಧವಿರಬೇಕು. ಹಾಗಾಗಿಯೇ ಎರವಲಿನ ದಾರಿ, ಹಾಗಾಗಿಯೇ ಲಿಸ್ಬನ್‌ನ ಆ ರಾತ್ರಿ.

ಕಲಿತರೇ? ಇಲ್ಲ. 2019ರ ಜುಲೈನಲ್ಲಿ ಮತ್ತೆ 12 ಕೋಟಿ ಯೂರೊ ಕೊಟ್ಟು ಅಟ್ಲೆಟಿಕೊ ಮ್ಯಾಡ್ರಿಡ್‌ನಿಂದ ಆಂಟೋನ್ ಗ್ರೀಜ್‌ಮನ್‌ನನ್ನು ತಂದರು. ಹಿಂದಿನ ವರ್ಷವಷ್ಟೇ ಈತ ತನ್ನದೇ ಒಂದು ಸಾಕ್ಷ್ಯಚಿತ್ರದಲ್ಲಿ ‘ಬಾರ್ಸಿಲೋನಾಕ್ಕೆ ಹೋಗುವುದಿಲ್ಲ’ ಎಂದು ಘೋಷಿಸಿದ್ದವನು! ಅವನಿಗೂ ಬೇಕಾದದ್ದು ಮುಂಚೂಣಿ ಆಟಗಾರನ ಹಿಂದಿನ ಆ ನಡುಜಾಗವೇ, ಅಂದರೆ ಮೆಸ್ಸಿಯ ಅಂಗಳ. ಎಡಬದಿಗೆ ತಳ್ಳಿದರು, ಮೊದಲ ವರ್ಷ ಲೀಗ್‌ನಲ್ಲಿ 9 ಗೋಲು. ಎರಡು ವರ್ಷಕ್ಕೆ ಹಳೆಯ ಮನೆಗೇ ಮರಳಿದ.

ಡೆಂಬೆಲೆಯ ಕಥೆ ಇನ್ನೂ ಮುಜುಗರದ್ದು. ಬಂದ ಮೂರು ವಾರಕ್ಕೇ ಹೆತಾಫೆ ಮೈದಾನದಲ್ಲಿ ತೊಡೆಯ ಸ್ನಾಯು ಹರಿಯಿತು. ಆಮೇಲೆ ಗಾಯದ ಮೇಲೆ ಗಾಯ. ಆರು ವರ್ಷದ ನಂತರ ಪ್ಯಾರಿಸ್‌ಗೆ ಹೋದ. ಅಲ್ಲಿ ಕೋಚ್ ಲೂಯಿಸ್ ಎನ್ರಿಕೆ ಅವನನ್ನು ಅಂಚಿನಿಂದ ನಡುವಿಗೆ ತಂದು ನಿಲ್ಲಿಸಿದರು. 2025ರಲ್ಲಿ ಪ್ಯಾರಿಸ್ ಚಾಂಪಿಯನ್ಸ್ ಲೀಗ್ ಗೆದ್ದಿತು, ಡೆಂಬೆಲೆಗೆ ಬ್ಯಾಲನ್ ಡಿ’ಓರ್ ಬಂತು. ‘ದಂಡ’ ಎಂದು ಬರೆದು ಬದಿಗಿಟ್ಟ ಆಟಗಾರ ಜಗತ್ತಿನ ಶ್ರೇಷ್ಠನಾದಾಗ, ಬರೆದವರು ತಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎಲ್ಲ ನಿರಾಶೆಗೂ ಆಡಳಿತವನ್ನೇ ದೂರಿದರೆ ಅನ್ಯಾಯವಾದೀತು. ಫರ್ನಾಂಡೊ ಟೊರೆಸ್ 2011ರ ಜನವರಿ 31ರಂದು 5 ಕೋಟಿ ಪೌಂಡ್‌ಗೆ ಚೆಲ್ಸಿಗೆ ಬಂದಾಗ ಅವನ ಮಂಡಿ ಆಗಲೇ ಶಸ್ತ್ರಚಿಕಿತ್ಸೆ ಕಂಡಿತ್ತು, ಆ ಮೊದಲಿನ ಚಿಮ್ಮು ಹೋಗಿತ್ತು. ಲಿವರ್‌ಪೂಲ್‌ಗೆ 142 ಪಂದ್ಯಗಳಲ್ಲಿ 81 ಗೋಲು ಹೊಡೆದವನು ಚೆಲ್ಸಿಗೆ 172 ಪಂದ್ಯಗಳಲ್ಲಿ ಹೊಡೆದದ್ದು 45. ಆದರೂ ಅದೇ ದಿನದ ಇನ್ನೊಂದು ವ್ಯವಹಾರ ನೋಡಿ. ಚೆಲ್ಸಿಯ ಹಣ ಲಿವರ್‌ಪೂಲ್‌ನ ಕೈಸೇರಿದ್ದು ಗೊತ್ತಿದ್ದ ನ್ಯೂಕ್ಯಾಸಲ್, ಗಾಯಗೊಂಡಿದ್ದ ಆ್ಯಂಡಿ ಕ್ಯಾರೊಲ್‌ನನ್ನು ಅದಕ್ಕೇ 3.5 ಕೋಟಿ ಪೌಂಡ್‌ಗೆ ದಾಟಿಸಿತು. ಕ್ಯಾರೊಲ್ ಅಲ್ಲಿ ಎರಡು ವರ್ಷವೂ ನೆಟ್ಟಗೆ ನಿಲ್ಲಲಿಲ್ಲ. ಮುಂದೆ ನೇಮರ್ ಹಣಕ್ಕೆ ಆದದ್ದೇ ಇಲ್ಲೂ ಆಗಿತ್ತು.

ನಮ್ಮ ಇಂಡಿಯನ್ ಸೂಪರ್ ಲೀಗ್ ಶುರುವಾದದ್ದೇ ಪೋಸ್ಟರ್ ಹೆಸರುಗಳಿಂದ. 2014ರಲ್ಲಿ ಡೆಲ್ಲಿ ಡೈನಮೋಸ್ ತಂದ ಡೆಲ್ ಪಿಯೆರೊ ವಿಶ್ವಕಪ್ ಗೆದ್ದವನು, ಆಗ ನಲವತ್ತರ ಹೊಸ್ತಿಲಲ್ಲಿದ್ದ. ಹೊಡೆದದ್ದು ಒಂದೇ ಗೋಲು. ಟಿಕೆಟ್ ಮಾರಲು ಕರೆಸಿದವನು, ಟಿಕೆಟ್ ಮಾರಿಸಿದ. ಅದಕ್ಕಿಂತ ಹೆಚ್ಚು ಬಯಸಿದ್ದು ನಮ್ಮದೇ ಅತಿಯಾಸೆ. 2017ರಲ್ಲಿ ಲೀಗ್ ಸೇರಿದ ಬೆಂಗಳೂರು ಎಫ್‌ಸಿ ಬೇರೆ ದಾರಿ ಹಿಡಿಯಿತು. ಹಿಂದೆ ಬಾರ್ಸಿಲೋನಾದಲ್ಲೇ ಕೋಚ್ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ ಆಗ ಇಲ್ಲಿ ಕೋಚ್. ತಂಡಕ್ಕೆ ಬಂದ ವೆನೆಜುವೆಲಾದ ಮಿಕು ಹೆಸರು ಕೇಳಿ ಕಂಠೀರವದಲ್ಲಿ ಯಾರೂ ಕುಣಿದಿರಲಿಲ್ಲ. ಆ ವರ್ಷ ಅವನು 15 ಗೋಲು ಹೊಡೆದ, ಪಕ್ಕದಲ್ಲಿ ಸುನಿಲ್ ಛೆಟ್ರಿ 14. ಲೀಗ್ ಹಂತದಲ್ಲಿ ತಂಡ ಅಗ್ರಸ್ಥಾನಿ. ಛೆಟ್ರಿ ಎಲ್ಲಿ ಆಡುತ್ತಾನೆ ಎಂಬುದನ್ನು ಮೊದಲು ನೋಡಿ, ಉಳಿದ ಜಾಗಕ್ಕೆ ಆಳು ತಂದ ಫಲ ಅದು.

ಅಭಿಮಾನಿಯ ಪಾಲೂ ಇದರಲ್ಲಿ ಸ್ವಲ್ಪ ಇದೆ. ಮೂರು ನಿಮಿಷದ ವಿಡಿಯೊದಲ್ಲಿ ಗೋಲುಗಳು ಕಾಣುತ್ತವೆ, ಚೆಂಡಿಲ್ಲದ ಎಂಬತ್ತು ನಿಮಿಷ ಅವನು ಎಲ್ಲಿ ನಿಂತಿರುತ್ತಾನೆ ಎಂಬುದು ಕಾಣುವುದಿಲ್ಲ. ಆದರೆ ಅಭಿಮಾನಿಗೆ ಹುಚ್ಚು ಹಿಡಿಯುವ ಹಕ್ಕಿದೆ; ಆಟ ನಡೆಯುವುದೇ ಅದರಿಂದ. ಆ ಹಕ್ಕು ಕ್ಲಬ್ ನಡೆಸುವವರಿಗಿಲ್ಲ. ಜಾಗ ಯಾವುದು ಎಂದು ಗೊತ್ತಿಲ್ಲದೆ ಮೂವರು ಮುಂಚೂಣಿ ಆಟಗಾರರಿಗೆ 34 ಕೋಟಿ ಯೂರೊಗೂ ಹೆಚ್ಚು ಸುರಿದ ಬಾರ್ಟೊಮೆಯು ಮಂಡಳಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯಿತು. 2020ರ ಅಕ್ಟೋಬರ್‌ನಲ್ಲಿ ಅದು ರಾಜೀನಾಮೆ ಕೊಟ್ಟಿತು. ಮರುವರ್ಷ ಆಗಸ್ಟ್‌ನಲ್ಲಿ ಹೊಸ ಅಧ್ಯಕ್ಷ ಲಪೋರ್ಟಾ ಹೇಳಿದ ಸಾಲದ ಮೊತ್ತ 135 ಕೋಟಿ ಯೂರೊ. ಅದೇ ತಿಂಗಳು ಮೆಸ್ಸಿಯನ್ನು ಉಳಿಸಿಕೊಳ್ಳಲಾಗದೆ ಕಳುಹಿಸಿಕೊಟ್ಟರು. ಕುಟಿನ್ಹೊನನ್ನು 2022ರಲ್ಲಿ ಆಸ್ಟನ್ ವಿಲ್ಲಾ ಕೊಂಡುಕೊಂಡಿತು, ಸುಮಾರು 2 ಕೋಟಿ ಯೂರೊಗೆ.