ಘಟಿಕೆ: ಗಳಿಗೆಬಟ್ಟಲೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ

ನಾನಿರುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ಇದೇ ತಾಲ್ಲೂಕಿನ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಘಟಿಕೋತ್ಸವ ಬಂದಾಗೆಲ್ಲ ಯಾರಾದರೂ ಕೇಳ್ತಾರೆ: ಪದವಿ ಕೊಡೋ ಸಮಾರಂಭಕ್ಕೆ 'ಘಟಿಕೆ' ಯಾಕೆ ಬಂತು? ಸಿಗುವ ಉತ್ತರ ಎರಡು. ನೀರಿನ ಬಟ್ಟಲಿಟ್ಟು 24 ನಿಮಿಷದ ಗಳಿಗೆ ಅಳೆದು ಪಾಠ ಹೇಳ್ತಿದ್ದರು, ಅದಕ್ಕೇ ಘಟಿಕೆ ಅನ್ನೋದು ಒಂದು. ಘಟಿಕಾಸ್ಥಾನ ಅಂದರೆ ಆ ಕಾಲದ ವಿಶ್ವವಿದ್ಯಾಲಯ ಅನ್ನೋದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ.

'ಘಟ' ಅಂದರೆ ಗಡಿಗೆ, ನಿಜ. ಆದರೆ 'ಘಟ್' ಧಾತುವಿಗೆ ಪ್ರಯತ್ನಿಸು, ಕೂಡು ಎಂಬ ಅರ್ಥಗಳೂ ಇವೆ. ನಿಷ್ಪತ್ತಿ ಬರೀ ಸಾಧ್ಯತೆಗಳನ್ನು ತೋರಿಸುತ್ತೆ. ಪದ ಹೇಗೆ ಬಳಕೆಯಾಗಿತ್ತು ಅನ್ನೋದನ್ನು ಶಾಸನವನ್ನೇ ಕೇಳಬೇಕು.

ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಆಧಾರವಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಐದನೇ ಶತಮಾನದ್ದು, ಕುಬ್ಜ ಕವಿಯ ರಚನೆ. ಮಯೂರಶರ್ಮ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ, ವೇದಾಧ್ಯಯನ ಪೂರೈಸಲು ಘಟಿಕೆಯನ್ನು ಪ್ರವೇಶಿಸಿದನೆಂದು ಅದು ಹೇಳುತ್ತದೆ. ಅಲ್ಲಿ ಹೊತ್ತಿನ ಮಾತಿಲ್ಲ, ಬಟ್ಟಲಿನ ಮಾತೂ ಇಲ್ಲ. ಮಯೂರನಿಗಿರುವ ವಿಶೇಷಣ 'ತರ್ಕುಕ'. ಇದನ್ನು ನೋಡಿ 'ತರ್ಕಶಾಸ್ತ್ರ ಓದಲು ಹೋದ' ಅಂತ ಬರೆಯುವವರಿದ್ದಾರೆ. ಸಂಸ್ಕೃತದಲ್ಲಿ ತರ್ಕುಕ ಅಂದರೆ ಬೇಡುವವನು, ಅರ್ಥಿ. ಹಾಗಾಗಿ ಇಲ್ಲಿ ಕಾಣುವುದು ವಿದ್ವಾಂಸರ ಕೂಟವೊಂದರ ಬಾಗಿಲಲ್ಲಿ ವಿದ್ಯೆ ಬೇಡಿ ನಿಂತ ಹುಡುಗ.

ಕೂಟ ಅನ್ನಲು ಇನ್ನೊಂದು ಕಾರಣವಿದೆ. ಪಲ್ಲವರ ವೇಲೂರುಪಾಳಯಂ ತಾಮ್ರಪಟದ ಪ್ರಕಾರ ಸ್ಕಂದಶಿಷ್ಯನು 'ದ್ವಿಜರ ಘಟಿಕೆ'ಯನ್ನು ಸತ್ಯಸೇನನೆಂಬ ರಾಜನಿಂದ ಕಿತ್ತುಕೊಂಡ. ಹೊತ್ತನ್ನು ಯಾರಾದರೂ ಕಿತ್ತುಕೊಳ್ಳೋಕಾಗುತ್ತಾ? ಅದು ರಾಜರು ಹಿಡಿತಕ್ಕೆ ತಂದುಕೊಳ್ಳಬಯಸುವ ಸಂಸ್ಥೆಯೇ ಇರಬೇಕು.

ಹಾಗಾದರೆ ವಿಶ್ವವಿದ್ಯಾಲಯ ಅಂದರೇನು ತಪ್ಪು? ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವನ್ನು ಮುಂದಿಟ್ಟು ಹಾಗೆ ಹೇಳುವವರಿದ್ದಾರೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವವರೇ 200 ಮಂದಿ. ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಮಂದಿ. ದೊಡ್ಡ ಸಂಸ್ಥೆಯೇ ಸರಿ. ಆದರೆ ವಿಶ್ವವಿದ್ಯಾಲಯ ಅಂದ ಕೂಡಲೇ ಎಲ್ಲರಿಗೂ ಬಾಗಿಲು ತೆರೆದಿತ್ತು ಅನ್ನೋ ಭಾವನೆ ಬಂದುಬಿಡುತ್ತೆ. 'ದ್ವಿಜರ' ಎಂಬ ಮಾತು ಮರೆಯಾಗುತ್ತೆ. ಯಾರಿಗೆ ಓದು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನೋ ಪ್ರಶ್ನೆಯೂ ಅದರ ಜೊತೆಗೇ ಹೋಗುತ್ತೆ.

ಇನ್ನು ಹೆಸರೇ ಹಿರಿಮೆ ಅನ್ನೋರು ತಾಳಗುಂದದ ಪಕ್ಕದ ಬಳ್ಳಿಗಾವಿಗೆ ಹೋಗಬೇಕು. ಕೋಡಿಯಮಠದ 1162ರ ಶಾಸನ ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಓದಿನ ಜಾಗವೆಂದು ಹೊಗಳುತ್ತದೆ. ಅಷ್ಟಕ್ಕೇ ನಿಲ್ಲದೆ, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ, ರೋಗಿಗಳಿಗೆ ಔಷಧ ಸಿಗುವ ಸ್ಥಾನವೆಂದೂ ಹೇಳುತ್ತದೆ. ಅದರ ಹೆಸರು ಘಟಿಕೆ ಅಲ್ಲ, ಮಠ.

ಘಟಿಕೆ, ಮಠ, ಅಗ್ರಹಾರ, ಬ್ರಹ್ಮಪುರಿ ಎಲ್ಲವನ್ನೂ ಒಂದೇ ಇಂದಿನ ಪದಕ್ಕೆ ತುಂಬಿದರೆ ಹೆಮ್ಮೆ ಹೆಚ್ಚಬಹುದು, ತಿಳಿವಳಿಕೆ ಹೆಚ್ಚೋದಿಲ್ಲ. ಘಟಿಕೆಯನ್ನು ಘಟಿಕೆ ಅಂತಲೇ ಕರೆಯೋಣ. ಅಲ್ಲಿ ಓದಿದವರು ಯಾರು, ಉಂಡವರು ಯಾರು, ದತ್ತಿ ಬಿಟ್ಟವರು ಯಾರು ಅಂತ ಒಂದೊಂದು ಶಾಸನವನ್ನೂ ಬೇರೆಬೇರೆಯಾಗಿ ಕೇಳೋಣ.